ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸೋದು? ಕಾಸರಗೋಡಿನ ಕನ್ನಡ ಮನೆಗಳ ಪ್ರಶ್ನೆ

ಪ್ರಶ್ನೆ: ನಮ್ದು ಬದಿಯಡ್ಕ ಹತ್ರ. ಮಗಳಿಗೆ ಬರುವ ಜೂನ್‌ಗೆ ಒಂದನೇ ಕ್ಲಾಸು. ಮನೆಯಲ್ಲಿ ಕನ್ನಡ, ತುಳು ಎರಡೂ ಉಂಟು. ಕನ್ನಡ ಮೀಡಿಯಂಗೆ ಹಾಕಿದ್ರೆ ಮುಂದೆ ಕಷ್ಟ ಅಂತಾರೆ, ಇಂಗ್ಲಿಷಿಗೆ ಹಾಕಿದ್ರೆ ಕನ್ನಡ ಹೋಗ್ತದೆ ಅಂತ ಅಜ್ಜಿಗೆ ಬೇಜಾರು, ಪಕ್ಕದ ಮನೆಯವ್ರು ವ್ಯಾನಲ್ಲಿ ಗಡಿ ದಾಟಿಸಿ ಕರ್ನಾಟಕದ ವಿಟ್ಲಕ್ಕೆ ಕಳಿಸ್ತಾರೆ. ನಾವೇನು ಮಾಡ್ಬೇಕು?

ಉತ್ತರ: ಮೀಡಿಯಂ ಯಾವ್ದು ಅಂತ ತಲೆಕೆಡಿಸಿಕೊಳ್ಳೋ ಮೊದ್ಲು ಮನೆ ಹತ್ರದ ಕನ್ನಡ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಏಳನೇ ಕ್ಲಾಸಿನ ಮಕ್ಕಳ ಸಾಯನ್ಸ್ ನೋಟ್‌ಬುಕ್ ಒಂದು ಕೇಳಿ ತೆಗೆದು ನೋಡಿ. ಕನ್ನಡದಲ್ಲಿ ಸರಿಯಾಗಿ ಬರ್ದಿದ್ದಾರಾ, ಟೀಚರ್ ತಿದ್ದಿದ್ದಾರಾ, ಅಥವಾ ಗೈಡ್ ನೋಡಿ ಕಾಪಿ ಹೊಡ್ದದ್ದಾ ಅಂತ ಎರಡು ಪುಟದಲ್ಲೇ ಗೊತ್ತಾಗ್ತದೆ. ಯಾಕೆ ಹೇಳ್ತೇನೆ ಅಂದ್ರೆ ನಮ್ಮ ಜಿಲ್ಲೆಯಲ್ಲಿ ಕನ್ನಡ ಬಾರದ ಟೀಚರನ್ನು ಕನ್ನಡ ಮೀಡಿಯಂ ಕ್ಲಾಸಿಗೆ ಹಾಕಿ, ಅಪ್ಪ ಅಮ್ಮಂದಿರು ಗೇಟಿನೆದುರು ಕೂತು ಪ್ರತಿಭಟನೆ ಮಾಡಿದ್ದುಂಟು. ಎಲ್ಲಾ ಸಬ್ಜೆಕ್ಟಿಗೂ ಕನ್ನಡದ ಟೀಚರ್ ಇದ್ದಾರೆ ಅಂತಾದ್ರೆ ನಾನಂತೂ ಏಳರವರೆಗೆ ಕಣ್ಣುಮುಚ್ಚಿ ಅಲ್ಲೇ ಹಾಕಿ ಅಂತೇನೆ. ಸರ್ಕಾರಿಯಾಗ್ಲಿ ಎಯ್ಡೆಡ್ (ಸರ್ಕಾರದ ಅನುದಾನದ ಖಾಸಗಿ ಶಾಲೆ) ಆಗ್ಲಿ ಫೀಸ್ ಇಲ್ಲ, ಕೇರಳ ಸಿಲೆಬಸ್ಸಿನ ಪುಸ್ತಕ ಕನ್ನಡದಲ್ಲೇ ಬರ್ತದೆ, ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಸಿಗ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಶಾಲೆ ಓಪನ್ ಆಗಿ ಆರನೇ ವರ್ಕಿಂಗ್ ಡೇ ದಿನ ಮಕ್ಕಳ ತಲೆ ಎಣಿಸ್ತಾರೆ, ಒಂದೊಂದು ಕ್ಲಾಸಿಗೆ ಡಿವಿಷನ್ (ಸೆಕ್ಷನ್) ಎಷ್ಟು, ಟೀಚರ್ ಪೋಸ್ಟ್ ಎಷ್ಟು ಅನ್ನೋದು ಆ ಲೆಕ್ಕದ ಮೇಲೆ. ಎಲ್‌ಪಿಯಲ್ಲಿ (ಕೆಳಗಿನ ಪ್ರೈಮರಿ ಕ್ಲಾಸು) 30 ಮಕ್ಕಳಿಗೆ ಒಬ್ರು ಟೀಚರ್, ಯುಪಿಯಲ್ಲಿ (ಮೇಲಿನ ಪ್ರೈಮರಿ ಕ್ಲಾಸು) 35ಕ್ಕೆ ಒಬ್ರು. ನಾಲ್ಕು ಮನೆಯವ್ರು ವ್ಯಾನ್ ಹತ್ತಿಸಿದ್ರೆ ಒಂದು ಕನ್ನಡ ಡಿವಿಷನ್ನೇ ಹೋಗ್ಬಹುದು, ಒಮ್ಮೆ ಹೋದದ್ದನ್ನು ವಾಪಸ್ ತರಿಸೋದು ಸುಲಭ ಅಲ್ಲ. ಅದಕ್ಕೇ ನೀವೊಬ್ರೇ ತೀರ್ಮಾನ ಮಾಡ್ಬೇಡಿ, ಅದೇ ವಯಸ್ಸಿನ ಮಕ್ಕಳಿರುವ ಆಚೀಚೆ ಮನೆಯವ್ರ ಹತ್ರ ಮಾತಾಡಿ ಒಟ್ಟಿಗೆ ಹೋಗಿ ಸೇರಿಸಿ.

ಇಂಗ್ಲಿಷ್ ಮೀಡಿಯಂ ಬೇಕೇ ಬೇಕು ಅಂತಿದ್ರೂ ಕನ್ನಡ ಬಿಡ್ಬೇಕಾಗಿಲ್ಲ. ಕೇರಳ ಸಿಲೆಬಸ್ಸಲ್ಲಿ ಇಂಗ್ಲಿಷ್ ಮೀಡಿಯಂ ಮಗು ಕೂಡ ಫಸ್ಟ್ ಲ್ಯಾಂಗ್ವೇಜ್ ಆಗಿ ಕನ್ನಡ ತಗೊಳ್ಬಹುದು, ಆದ್ರೆ ಶಾಲೆಯಲ್ಲಿ ಕನ್ನಡ ಟೀಚರ್ ಇರ್ಬೇಕು. ಅಡ್ಮಿಷನ್ ದಿನವೇ ಕೇಳಿ, ಆಮೇಲೆ ಅಲ್ಲ. ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಸಾಯನ್ಸಿಗೆ ಹೋದಾಗ ಪಾಠ ಇಂಗ್ಲಿಷಿಗೆ ತಿರುಗ್ತದೆ, ಮೊದಲ ಕೆಲವು ತಿಂಗಳು ಕನ್ನಡ ಮೀಡಿಯಂ ಮಕ್ಕಳಿಗೆ ಒದ್ದಾಟವೇ, ಅದು ಸುಳ್ಳಲ್ಲ. ಎಂಟನೇ ಕ್ಲಾಸಿಂದಲೇ ಇಂಗ್ಲಿಷ್ ಓದುವ ಅಭ್ಯಾಸ ಮಾಡಿಸಿದ್ರೆ ಸುಧಾರಿಸ್ಕೊಳ್ತಾರೆ. ಮಲಯಾಳ ಕೂಡ ಬರೀ ಮಾತಾಡ್ಲಿಕ್ಕೆ ಬಂದ್ರೆ ಸಾಲ್ದು, ಓದಿ ಬರೀಲಿಕ್ಕೆ ಕಲಿಸಿ, ಪಂಚಾಯತ್ ಆಫೀಸಿಂದ ಹಿಡಿದು ಕೆಲ್ಸದವರೆಗೆ ಎಲ್ಲಾ ಕಡೆ ಬೇಕು. ಸರ್ಕಾರಿ ಕೆಲ್ಸಕ್ಕೆ ಆಯ್ಕೆ ಮಾಡುವ ಕೇರಳ ಪಿಎಸ್‌ಸಿಯಲ್ಲಿ ಕನ್ನಡ ಮೀಡಿಯಂ ಟೀಚರ್ ಪೋಸ್ಟಿಗೆ ಬೇರೆಯೇ ಲಿಸ್ಟ್ ಉಂಟು ಅನ್ನೋದೂ ನೆನಪಿರ್ಲಿ.

ಸಿಬಿಎಸ್‌ಇಯಲ್ಲಿ ಕಾಸರಗೋಡಿನ ಕೇಂದ್ರೀಯ ವಿದ್ಯಾಲಯ ಉಂಟು, ಅಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಜಾಗ. ಪೆರಿಯದ ನವೋದಯಕ್ಕೆ ಐದನೇ ಕ್ಲಾಸಲ್ಲಿರುವಾಗ ಪರೀಕ್ಷೆ ಬರೀಬೇಕು, ಸಿಕ್ಕಿದ್ರೆ ಆರರಿಂದ ಹಾಸ್ಟೆಲಲ್ಲಿ ಫ್ರೀಯಾಗಿ ಓದು.

ವಿಟ್ಲ, ಮಂಗಳೂರು ಕಡೆ ಚಿಕ್ಕ ಮಗುವನ್ನು ಕಳಿಸೋದು ನನಗೆ ಒಪ್ಪಿಗೆ ಇಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ವ್ಯಾನ್, ಸಂಜೆ ಸುಸ್ತು, ಊರಲ್ಲಿ ಆಡ್ಲಿಕ್ಕೆ ಗೆಳೆಯರಿಲ್ಲ. 2020ರಲ್ಲಿ ಕೊರೋನಾಕ್ಕೆ ತಲಪಾಡಿ ಗಡಿ ಬಂದ್ ಆದಾಗ ಆಚೆ ಓದ್ತಿದ್ದ ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೋಗೋದು ಹೇಗೆ ಅಂತ ಎಷ್ಟು ಮನೆಗಳಲ್ಲಿ ಗಾಬರಿ ಇತ್ತು ನೆನಪಿಲ್ವಾ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟು ಸಿಗ್ಬೇಕಾದ್ರೆ ಅಲ್ಲೇ ಓದ್ಬೇಕು ಅಂತ ಹೆದರ್ಸುವವ್ರಿದ್ದಾರೆ, ಆದ್ರೆ ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತಲೇ ಅವಕಾಶ ಉಂಟು, ಕಾಸರಗೋಡು ಅದರಲ್ಲಿ ಸೇರಿದೆ, ಕನ್ನಡ ಬರ್ತದಾ ಅಂತ ಟೆಸ್ಟೂ ಮಾಡ್ತಾರೆ. ಹಾಗಾಗಿ ಮಗಳು ಯಾವ ಶಾಲೆಯಲ್ಲಿ ಓದಿದ್ರೂ ವರ್ಷ ವರ್ಷದ ಸ್ಟಡಿ ಸರ್ಟಿಫಿಕೇಟಿಗೆ ಬೇಕಾದ ದಾಖಲೆ ಒಂದು ಫೈಲಲ್ಲಿ ಜೋಪಾನವಾಗಿಡಿ, ಮತ್ತೆ ಅರ್ಜಿ ಹಾಕೋ ವರ್ಷದ ಸಿಇಟಿ ಬ್ರೋಷರ್ ಓದಿ ರೂಲ್ ನೋಡ್ಕೊಳ್ಳಿ.