ಸಿನಿಮಾದ ಗೆಲುವಿನಲ್ಲಿ ತಂತ್ರಜ್ಞಾನ, ಪ್ರಚಾರ: ಲೆಕ್ಕ ಹಿಡಿದು ಓದುವ ಬಗೆ

ಸಿನಿಮಾದ ಗೆಲುವಿನಲ್ಲಿ ತಂತ್ರಜ್ಞಾನ, ಪ್ರಚಾರಗಳ ಪಾತ್ರವೇನು ಎಂಬ ಪ್ರಶ್ನೆಗೆ 'ತಂತ್ರಜ್ಞಾನ ಚೆನ್ನಾಗಿತ್ತು, ಪ್ರಚಾರ ಭರ್ಜರಿಯಾಗಿತ್ತು, ಹಾಗಾಗಿ ಸಿನಿಮಾ ಗೆದ್ದಿತು' ಎಂದು ಬರೆದರೆ ಉತ್ತರ ಅರ್ಧವೂ ಆಗುವುದಿಲ್ಲ. ಸೋತ ಸಿನಿಮಾಗಳಲ್ಲೂ ಇವೆರಡೂ ಧಾರಾಳವಾಗಿಯೇ ಇರುತ್ತವೆ. ಪ್ರಚಾರ ಪ್ರೇಕ್ಷಕರಿಗೆ ಒಂದು ಮಾತು ಕೊಡುತ್ತದೆ, ಅದನ್ನು ತೆರೆಯ ಮೇಲೆ ಉಳಿಸಿಕೊಡುವ ಹೊಣೆಯಲ್ಲಿ ದೊಡ್ಡ ಪಾಲು ತಂತ್ರಜ್ಞಾನದ್ದು. ಆದ್ದರಿಂದ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದುವುದಕ್ಕಿಂತ ಅವು ಎಲ್ಲಿ ಕೂಡುತ್ತವೆ, ಎಲ್ಲಿ ತಪ್ಪುತ್ತವೆ ಎಂದು ನೋಡುವುದು ಒಳ್ಳೆಯದು. ಮೊದಲು ಹಣದ ಲೆಕ್ಕ.

ಗೆದ್ದಿತು ಎನ್ನುವುದು ಯಾವಾಗ?

ಒಂದು ಸಿನಿಮಾದ ನಿರ್ಮಾಣ ವೆಚ್ಚ 100 ಪಾಲು, ಪ್ರಚಾರ ಮತ್ತು ಬಿಡುಗಡೆಯ ವೆಚ್ಚ 50 ಪಾಲು ಎಂದಿಟ್ಟುಕೊಳ್ಳಿ. ಟಿಕೆಟ್ ಹಣ ಪೂರ್ತಿಯಾಗಿ ನಿರ್ಮಾಪಕರಿಗೆ ಬರುವುದಿಲ್ಲ. ಚಿತ್ರಮಂದಿರದ ಪಾಲು ಕಳೆದು ಸರಾಸರಿ ಅರ್ಧ ಬಂದೀತು ಎಂದರೆ, 150 ಪಾಲು ವಾಪಸಾಗಲು ಒಟ್ಟು ಗಳಿಕೆ 300 ಮುಟ್ಟಬೇಕು. 'ವೆಚ್ಚ 100, ಗಳಿಕೆ 200, ಹಾಗಾಗಿ ಸೂಪರ್ ಹಿಟ್' ಎನ್ನುವ ಸುದ್ದಿ ಎಡವುವುದು ಇಲ್ಲೇ: ಅದು ಪ್ರಚಾರದ ಖರ್ಚನ್ನೂ ಚಿತ್ರಮಂದಿರದ ಪಾಲನ್ನೂ ಬಿಟ್ಟಿದೆ. ಡಿಜಿಟಲ್, ಟಿವಿ, ಸಂಗೀತದ ಹಕ್ಕುಗಳಿಂದ ಬರುವ ಹಣ ಬೇರೆ, ಅದನ್ನು ಪ್ರತ್ಯೇಕ ಸಾಲಿನಲ್ಲೇ ಬರೆಯಿರಿ.

ಒಂದೇ ದಿನ ಎಲ್ಲೆಡೆ ಬಿಡುಗಡೆ

1975ರ ಜೂನ್ 20ರಂದು 'ಜಾಸ್' ಅಮೆರಿಕದ 409 ಚಿತ್ರಮಂದಿರಗಳಲ್ಲಿ ಒಟ್ಟಿಗೆ ತೆರೆಕಂಡಿತು. ಅದಕ್ಕೂ ಮೊದಲಿನ ಕೆಲವು ರಾತ್ರಿಗಳಲ್ಲಿ ಟಿವಿಯ ಮುಖ್ಯ ವೇಳೆಯಲ್ಲಿ ಅದರ ಜಾಹೀರಾತು ಒಂದೇ ಸಮನೆ ಬಂದಿತ್ತು. ದೊಡ್ಡ ಸಿನಿಮಾಗಳನ್ನು ಮೊದಲು ಕೆಲವೇ ನಗರಗಳಲ್ಲಿ ಹಾಕಿ, ನಿಧಾನವಾಗಿ ಹರಡುತ್ತಿದ್ದ ಪದ್ಧತಿ ಅಲ್ಲಿಂದ ಹಿಂದೆ ಸರಿಯಿತು. ಕಾರಣ ಸರಳ. ದೇಶದಾದ್ಯಂತ ಜಾಹೀರಾತು ಕೊಟ್ಟ ಮೇಲೆ ನೋಡಲು ಹೊರಟವರಿಗೆ ಹತ್ತಿರದಲ್ಲೇ ಸಿನಿಮಾ ಸಿಗದಿದ್ದರೆ ಆ ಖರ್ಚು ಪೋಲು.

ಆದರೆ ಫಿಲ್ಮ್ ಕಾಲದಲ್ಲಿ ಇದು ಭಾರವಾದ ಕೆಲಸ, ಅಕ್ಷರಶಃ. 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಸಿನಿಮಾ ಎಂದರೆ 10,800 ಅಡಿ, ತಲಾ 2,000 ಅಡಿಯಂತೆ ಆರು ರೀಲು. ಪ್ರತಿ ತೆರೆಗೂ ಇಂಥದ್ದೊಂದು ಪ್ರಿಂಟ್ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕಿತ್ತು. ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಬಂದ ಮೇಲೆ ಅದೇ ಸಿನಿಮಾ ಒಂದು ಫೈಲ್ ಗುಚ್ಛ. ಚಿತ್ರದ ದತ್ತಾಂಶಕ್ಕೆ ಸೆಕೆಂಡಿಗೆ 250 ಮೆಗಾಬಿಟ್ ಮಿತಿ ಇರುವುದರಿಂದ, ಎರಡು ಗಂಟೆಗೆ ಹೆಚ್ಚೆಂದರೆ 225 ಗಿಗಾಬೈಟ್. ಹಾರ್ಡ್ ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ ಸಾವಿರಾರು ತೆರೆಗೆ ತಲುಪುತ್ತದೆ. ಹಲವು ಭಾಷೆಗಳ ಧ್ವನಿ, ಉಪಶೀರ್ಷಿಕೆಗಳನ್ನು ಅದೇ ಚಿತ್ರಕ್ಕೆ ಜೋಡಿಸಬಹುದು. ಒಂದೇ ದಿನ ಹಲವು ಭಾಷೆಗಳಲ್ಲಿ ಬಿಡುಗಡೆ ಮಾಡುವ ಪ್ರಚಾರ ತಂತ್ರಕ್ಕೆ ಬೆನ್ನೆಲುಬು ಇದೇ.

ಕೆಡುವುದು ಎಲ್ಲಿ? ಹೆಚ್ಚಾಗಿ ಕೆಡಿಎಂ ಎಂಬ ಡಿಜಿಟಲ್ ಕೀಲಿಯಲ್ಲಿ. ಅದು ಒಂದು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ಅವಧಿಗೆ ಮಾತ್ರ ತೆರೆಯುವ ಬೀಗದ ಕೈ. ಚಿತ್ರಮಂದಿರದವರು ಸರ್ವರ್‌ನ ಮೀಡಿಯಾ ಬ್ಲಾಕ್ (ಬೀಗ ತೆಗೆದು ಚಿತ್ರವನ್ನು ಓಡಿಸುವ ಭಾಗ) ಬದಲಿಸಿ, ಅದರ ಗುರುತು ಹೇಳುವ ಹೊಸ ಡಿಜಿಟಲ್ ಪ್ರಮಾಣಪತ್ರವನ್ನು ವಿತರಕರಿಗೆ ಕಳಿಸದಿದ್ದರೆ ಸಿನಿಮಾ ಸರ್ವರ್‌ನೊಳಗೆ ಇದ್ದೂ ಓಡುವುದಿಲ್ಲ. ಕೀಲಿಯ ಅವಧಿ ಬೆಳಿಗ್ಗೆ 10ಕ್ಕೆ ಶುರುವಾಗುವಂತಿದ್ದು, ಅಭಿಮಾನಿಗಳಿಗೆಂದು 6 ಗಂಟೆಗೆ ಶೋ ಇಟ್ಟಿದ್ದರೆ ಅದೇ ಗತಿ. ತಿಂಗಳುಗಟ್ಟಲೆ ಪ್ರಚಾರದಿಂದ ಕಟ್ಟಿದ ಮೊದಲ ಶೋ ಹೀಗೆ ರದ್ದಾದರೆ, ಆ ಪ್ರೇಕ್ಷಕರ ಕೋಪವೇ ಅಂದಿನ ಮೊದಲ ವಿಮರ್ಶೆಯಾಗುತ್ತದೆ. ಬಿಡುಗಡೆಗೆ ಒಂದೆರಡು ದಿನ ಮೊದಲೇ ಕೀಲಿ ಹಾಕಿ ಅದರ ಅವಧಿಯನ್ನು ಓದಿ ನೋಡುವುದು, ಅವಧಿ ಶುರುವಾದೊಡನೆ ಹತ್ತು ನಿಮಿಷ ಓಡಿಸಿ ನೋಡುವುದು, ಇಷ್ಟು ಕಡ್ಡಾಯ.

ಪ್ರಚಾರದ ಕೊಡುಗೆ, ಸಿನಿಮಾದ ಕೊಡುಗೆ: ಬೇರ್ಪಡಿಸುವ ಲೆಕ್ಕ

ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿ. ಎರಡು ಸಿನಿಮಾಗಳು ತಲಾ 240 ಗಳಿಸಿವೆ ಎನ್ನೋಣ. ಒಂದರ ಮೊದಲ ವಾರಾಂತ್ಯ 100, ಭಾಗಲಬ್ಧ 2.4. ಇನ್ನೊಂದರದು 60, ಭಾಗಲಬ್ಧ 4. ಮೊದಲನೆಯದನ್ನು ತಾರೆ, ಟ್ರೇಲರ್, ಮುಂಗಡ ಬುಕಿಂಗ್ ಎತ್ತಿ ನಿಲ್ಲಿಸಿವೆ. ಎರಡನೆಯದನ್ನು ಬಾಯಿಂದ ಬಾಯಿಗೆ ಹರಡಿದ ಮಾತು ಉಳಿಸಿದೆ.

ಇಲ್ಲೊಂದು ಹಳ್ಳವಿದೆ, ಬಹಳ ಮಂದಿ ಬೀಳುವುದು ಇದರಲ್ಲೇ. ಮೊದಲ ವಾರ 1,000 ತೆರೆಗಳಲ್ಲಿ 100, ಎರಡನೆಯ ವಾರ 40 ಗಳಿಕೆಯಾದರೆ ಶೇ. 60ರ ಕುಸಿತ, 'ಜನ ತಿರಸ್ಕರಿಸಿದರು' ಎಂದು ಬರೆದುಬಿಡುತ್ತೇವೆ. ಎರಡನೆಯ ವಾರ ತೆರೆಗಳು 500ಕ್ಕೆ ಇಳಿದಿದ್ದರೆ? ತೆರೆಯೊಂದರ ಸರಾಸರಿ 0.10ರಿಂದ 0.08ಕ್ಕೆ ಬಂದಿದೆ, ಕುಸಿತ ಶೇ. 20 ಮಾತ್ರ. ಜನ ಕೈಬಿಟ್ಟರೋ, ಹೊಸ ಸಿನಿಮಾ ತೆರೆಗಳನ್ನು ಕಿತ್ತುಕೊಂಡಿತೋ ಎಂಬುದನ್ನು ಈ ಸರಾಸರಿ ನೋಡದೆ ಹೇಳಲಾಗದು.

ಬಿಡುಗಡೆಗೆ ಮೊದಲಿನ ಸಮೀಕ್ಷೆಗಳನ್ನೂ ಹೀಗೇ ಓದಬೇಕು. ಸಿನಿಮಾದ ಹೆಸರು ಗೊತ್ತಿರುವವರು ಕಡಿಮೆ, ಆದರೆ ಗೊತ್ತಿರುವವರಲ್ಲಿ ನೋಡುವ ಆಸೆ ಹೆಚ್ಚು ಎಂದಾದರೆ ಜಾಹೀರಾತಿಗೆ ಇನ್ನಷ್ಟು ಹಣ ಹಾಕುವುದು ಸರಿ. ಎಲ್ಲರಿಗೂ ಗೊತ್ತಿದೆ, ಆಸೆ ಮಾತ್ರ ಇಲ್ಲ ಎಂದಾದರೆ ಹಣ ಸುರಿದಷ್ಟೂ ನಷ್ಟ. ಬದಲಾಗಬೇಕಾದದ್ದು ಟ್ರೇಲರ್ ಹೇಳುವ ವಿಷಯ.

ಟ್ರೇಲರ್‌ನ ಧ್ವನಿ

ಇದನ್ನು ಪಠ್ಯಗಳು ಅಷ್ಟಾಗಿ ಮುಟ್ಟುವುದಿಲ್ಲ. ಅಮೆರಿಕದಲ್ಲಿ ಚಿತ್ರಮಂದಿರದ ಟ್ರೇಲರ್‌ಗೆ 85 ಡೆಸಿಬೆಲ್‌ನ ಮಿತಿ ಇದೆ, ಅದು ಇಡೀ ಟ್ರೇಲರ್‌ನ ಸರಾಸರಿ ಲೆಕ್ಕ. ಹಾಗಾಗಿ ಒಂದು ಕಡೆ ಅಬ್ಬರ ಬೇಕೆಂದರೆ ಇನ್ನೊಂದು ಕಡೆ ಮೌನ ಕೊಟ್ಟು ಸರಿದೂಗಿಸಬೇಕು. ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಧ್ವನಿಯನ್ನು ತಗ್ಗಿಸುತ್ತದೆ. ಅದಕ್ಕಿಂತ ಜೋರಾಗಿ ಮಿಕ್ಸ್ ಮಾಡಿದ್ದು ಅಲ್ಲಿ ಚಪ್ಪಟೆಯಾಗಿ ಕೇಳುತ್ತದೆ, ಲಾಭವೇನೂ ಇಲ್ಲ. ಚಿತ್ರಮಂದಿರದ ಮಿಕ್ಸನ್ನೇ ಮೊಬೈಲ್‌ಗೆ ಏರಿಸಿದರೆ ಸಂಭಾಷಣೆ ಹೂತುಹೋಗುತ್ತದೆ, ಸಣ್ಣ ಸ್ಪೀಕರ್‌ಗೆ ತಳದ ಗುಡುಗು ದಾಟುವುದೇ ಇಲ್ಲ. ಜಾಲತಾಣಗಳಲ್ಲಿ ಅನೇಕರು ಧ್ವನಿ ಇಲ್ಲದೆಯೇ ನೋಡುವುದರಿಂದ, ಅಕ್ಷರಗಳುಳ್ಳ ಲಂಬ ಚೌಕಟ್ಟಿನ ಇನ್ನೊಂದು ಆವೃತ್ತಿಯೂ ಬೇಕು.

ತಂತ್ರಜ್ಞಾನವೇ ಆಕರ್ಷಣೆಯಾದಾಗ

2009ರ 'ಅವತಾರ್' ತ್ರೀಡಿಯನ್ನೇ ಟಿಕೆಟ್ ಕೊಳ್ಳುವ ಕಾರಣವನ್ನಾಗಿ ಮಾಡಿತು. ಪ್ರಪಂಚದಾದ್ಯಂತ ಚಿತ್ರಮಂದಿರಗಳು ಡಿಜಿಟಲ್‌ಗೆ ಬದಲಾಗುವ ವೇಗವನ್ನೂ ಹೆಚ್ಚಿಸಿತು. ಮರುವರ್ಷ 'ಕ್ಲ್ಯಾಷ್ ಆಫ್ ದ ಟೈಟನ್ಸ್' ಸಿನಿಮಾವನ್ನು ಚಿತ್ರೀಕರಣ ಮುಗಿದ ಮೇಲೆ ಕೆಲವೇ ವಾರಗಳಲ್ಲಿ ತ್ರೀಡಿಗೆ ಪರಿವರ್ತಿಸಿದರು. ಹಣವೇನೋ ಬಂತು, ಆದರೆ ಆ ತ್ರೀಡಿಗೆ ಟೀಕೆಯ ಮಳೆಯೇ ಸುರಿಯಿತು. ಇದರ ಜೊತೆಗೆ ಬೆಳಕಿನ ತೊಂದರೆ: ಸಾಮಾನ್ಯ ಪ್ರದರ್ಶನಕ್ಕೆ ತೆರೆಯ ಮೇಲೆ 48 ನಿಟ್ (ತೆರೆಯ ಹೊಳಪಿನ ಅಳತೆ) ಬೆಳಕು ಮಾನದಂಡ. ತ್ರೀಡಿಯ ಶೋಧಕ, ಕನ್ನಡಕ ದಾಟಿ ಕಣ್ಣಿಗೆ ಬರುವಾಗ ಅದರ ಮೂರನೇ ಒಂದು ಪಾಲಷ್ಟೇ ಉಳಿಯುವುದು ಸಾಮಾನ್ಯ. ರಾತ್ರಿ ದೃಶ್ಯಗಳು ಮಸಿ ಬಳಿದಂತೆ ಕಾಣುತ್ತವೆ. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ಚಿತ್ರ ಸಿಕ್ಕಿತು ಎಂದ ಮೇಲೆ ಆಕರ್ಷಣೆ ಸವೆಯದೆ ಇರುತ್ತದೆಯೇ? 2012ರಲ್ಲಿ 'ದ ಹಾಬಿಟ್' ಸೆಕೆಂಡಿಗೆ 48 ಚೌಕಟ್ಟುಗಳಲ್ಲಿ ಬಂದಾಗ, ಆ ಅತಿಸ್ಪಷ್ಟತೆ ಟಿವಿ ಧಾರಾವಾಹಿಯಂತಿದೆ ಎಂದು ಅನೇಕರು ದೂರಿದರು. ಅಳತೆಯಲ್ಲಿ ಉತ್ತಮವಾದದ್ದು ಕಣ್ಣಿಗೆ ಹಿತವೇ ಆಗಬೇಕೆಂದಿಲ್ಲ.

ಉಲ್ಟಾ ಉದಾಹರಣೆ 2023ರ 'ಓಪನ್‌ಹೈಮರ್'. ಅದರ 70 ಮಿ.ಮೀ. ಐಮ್ಯಾಕ್ಸ್ (ಬೃಹತ್ ತೆರೆಯ ಮಾದರಿ) ಪ್ರಿಂಟ್ ಸುಮಾರು 18 ಕಿ.ಮೀ. ಉದ್ದ, 270 ಕೆ.ಜಿ. ತೂಕ. ಆಗ ಅದನ್ನು ಓಡಿಸಿದ ತೆರೆಗಳು ಇಡೀ ಜಗತ್ತಿನಲ್ಲಿ 30. ಗಳಿಕೆಯ ಬಹುಪಾಲು ಸಾಮಾನ್ಯ ತೆರೆಗಳಿಂದಲೇ ಬಂದರೂ, ಈ ಪ್ರಿಂಟ್‌ನ ಗಾತ್ರ ಮತ್ತು ವಿರಳತೆಯೇ ಸುದ್ದಿಯಾಯಿತು. ತಂತ್ರಜ್ಞಾನವೇ ಪ್ರಚಾರವಾಗುವುದೆಂದರೆ ಇದು.

ಇನ್ನೊಂದು ಜೋಡಿಯನ್ನು ಪಕ್ಕಪಕ್ಕ ಇಟ್ಟು ನೋಡಿ. 2019ರ ಏಪ್ರಿಲ್ ಕೊನೆಗೆ 'ಸಾನಿಕ್' ಟ್ರೇಲರ್ ಬಂದಾಗ ಪಾತ್ರದ ರೂಪಕ್ಕೆ ಎಲ್ಲೆಡೆ ವಿರೋಧ. ನಿರ್ಮಾಪಕರು ಬಿಡುಗಡೆಯನ್ನು ನವೆಂಬರ್‌ನಿಂದ 2020ರ ಫೆಬ್ರವರಿಗೆ ಮುಂದೂಡಿ ರೂಪವನ್ನೇ ಬದಲಿಸಿದರು, ಸಿನಿಮಾ ಗೆದ್ದಿತು. ಅದೇ 2019ರ ಡಿಸೆಂಬರ್‌ನಲ್ಲಿ 'ಕ್ಯಾಟ್ಸ್' ಬಿಡುಗಡೆಯಾದ ದಿನವೇ, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಮಾಡಿದ ದೃಶ್ಯ ಪರಿಣಾಮ) ತಿದ್ದಿದ ಹೊಸ ಪ್ರತಿ ಬರುತ್ತದೆ ಎಂದು ಚಿತ್ರಮಂದಿರಗಳಿಗೆ ತಿಳಿಸಲಾಯಿತು. ಅಷ್ಟರಲ್ಲಿ ಮಾತು ಹಬ್ಬಿಯಾಗಿತ್ತು. ವಿಎಫ್‌ಎಕ್ಸ್ ತಿದ್ದಲು ಡಿಸಿಪಿ ಯುಗದಲ್ಲಿ ಕೊನೆಯ ಗಳಿಗೆಯವರೆಗೂ ಅವಕಾಶವಿದೆ, ಮೊದಲ ಪ್ರೇಕ್ಷಕರ ಅಭಿಪ್ರಾಯ ತಿದ್ದಲು ಇಲ್ಲ.

ಒಟಿಟಿ ಅಂಕಿಗಳು

ನೆಟ್‌ಫ್ಲಿಕ್ಸ್ 2016ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದ ಪ್ರಕಾರ, ವೀಕ್ಷಕರು ಒಂದು ಶೀರ್ಷಿಕೆಯ ಮೇಲೆ ಕಣ್ಣಿಡುವುದು ಸರಾಸರಿ 1.8 ಸೆಕೆಂಡು. ಹುಡುಕುವಾಗಿನ ಗಮನದಲ್ಲಿ ಶೇ. 82ಕ್ಕೂ ಹೆಚ್ಚು ಹೋಗುವುದು ಶೀರ್ಷಿಕೆಯ ಜೊತೆಗೆ ಕಾಣುವ ಪುಟ್ಟ ಪೋಸ್ಟರ್ ಚಿತ್ರಕ್ಕೆ. ಹತ್ತಾರು ಮುಖಗಳನ್ನು ತುಂಬಿದ ಪೋಸ್ಟರನ್ನು ಹಾಗೇ ಕುಗ್ಗಿಸಿದರೆ ಅಲ್ಲಿ ಏನೂ ಕಾಣುವುದಿಲ್ಲ.

ನೆಟ್‌ಫ್ಲಿಕ್ಸ್‌ನ ವೀಕ್ಷಣೆಯ ಸಂಖ್ಯೆ ಉಲ್ಲೇಖಿಸುವಾಗ ವರ್ಷ ನೋಡಿ. 2020ರಲ್ಲಿ ಎರಡು ನಿಮಿಷ ನೋಡಿದ ಖಾತೆಯೂ ಲೆಕ್ಕಕ್ಕೆ ಬರುತ್ತಿತ್ತು. 2021ರಲ್ಲಿ ಅದು ಒಟ್ಟು ಗಂಟೆಗಳ ಲೆಕ್ಕವಾಯಿತು. 2023ರಿಂದ ಒಟ್ಟು ಗಂಟೆಗಳನ್ನು ಸಿನಿಮಾದ ಅವಧಿಯಿಂದ ಭಾಗಿಸಿದ್ದೇ ವೀಕ್ಷಣೆ. ಎರಡೂವರೆ ಗಂಟೆಯ ಸಿನಿಮಾವನ್ನು ಒಟ್ಟು 5 ಕೋಟಿ ಗಂಟೆ ನೋಡಿದ್ದರೆ 2 ಕೋಟಿ ವೀಕ್ಷಣೆ. 2 ಕೋಟಿ ಖಾತೆಗಳಲ್ಲಿ ಪೂರ್ತಿ ನೋಡಿದ್ದರೂ, 4 ಕೋಟಿ ಖಾತೆಗಳಲ್ಲಿ ಅರ್ಧಕ್ಕೇ ನಿಲ್ಲಿಸಿದ್ದರೂ ಬರುವ ಅಂಕಿ ಒಂದೇ.