ಇವತ್ತಿನ ರಾಕ್ ಬ್ಯಾಂಡ್‌ಗೆ ಎಷ್ಟು ರಾತ್ರಿ ಸಿಗುತ್ತಿವೆ?

2007ರ ಮಾರ್ಚ್ 17. ಬೆಂಗಳೂರಿನ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿತ್ತು. ಬಿಸಿಲಲ್ಲಿ ಕ್ಯೂ ನಿಂತಿದ್ದಾಗ ಪಕ್ಕದ ಹುಡುಗನೊಬ್ಬ ಪೇಪರಿನಲ್ಲಿ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಬಿಚ್ಚಿ ನನಗೂ ಕೊಟ್ಟ. ಹಿಂದಿನ ರಾತ್ರಿ ಬಸ್ ಹತ್ತಿ ಬಂದಿದ್ದನಂತೆ. ಶೋ ಮುಗಿಸಿ ಮನೆಗೆ ಹೋಗಿ ಮುಖ ತೊಳೆದರೆ ನೀರು ಕೆಂಪಗೆ ಇಳಿಯಿತು. ಅಷ್ಟು ಧೂಳು, ಅಷ್ಟು ಕುಣಿತ.

ಅವತ್ತಿನಿಂದ ನಮ್ಮ ಗೆಳೆಯರ ನಡುವೆ ಒಂದು ವಾದ ಮುಗಿದೇ ಇಲ್ಲ. ಈಗಿನ ಬ್ಯಾಂಡ್‌ಗಳು ಆ ಹಳಬರಿಗೆ ಸರಿಸಾಟಿ ಆಗುತ್ತವಾ? ಆಗುವಷ್ಟು ಪ್ರತಿಭೆ ಇದೆ ಎಂದೇ ನಾನು ಹೇಳುತ್ತೇನೆ. ಆದರೆ ನುಡಿಸೋಕೆ ಜಾಗ, ರಾತ್ರಿ ಎರಡೂ ಕಡಿಮೆಯಾಗಿವೆ.

ಬೆಂಗಳೂರಿಗೆ ದಂತಕಥೆಗಳು ಬಂದಿದ್ದೇ ತಡವಾಗಿ. ರೋಲಿಂಗ್ ಸ್ಟೋನ್ಸ್ ಹುಟ್ಟಿದ್ದು 1962ರಲ್ಲಿ, ಇಲ್ಲಿ ನುಡಿಸಿದ್ದು 2003ರಲ್ಲಿ. ಮೆಟಾಲಿಕಾ 1981ರ ಬ್ಯಾಂಡ್, ಅರಮನೆ ಮೈದಾನಕ್ಕೆ ಬಂದಾಗ 2011. ನಾವು ಕಣ್ಣಾರೆ ನೋಡುವ ಹೊತ್ತಿಗೆ ಅವರು ಮೂವತ್ತು, ನಲವತ್ತು ವರ್ಷ ಪಳಗಿದ್ದರು. ಅವರ ಪಕ್ಕದಲ್ಲಿ ಐದು ವರ್ಷದ ಬ್ಯಾಂಡನ್ನು ನಿಲ್ಲಿಸಿ ತೂಗುವುದು ನ್ಯಾಯ ಅಲ್ಲ, ಅಲ್ವಾ?

ಬೀಟಲ್ಸ್ 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ತಮ್ಮ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ರೆಕಾರ್ಡ್ ಮಾಡಿದರು. ಜನ ಅದನ್ನು ಪವಾಡದ ಹಾಗೆ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು, 1960ರಿಂದ, ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗೆ ನಾಲ್ಕೈದು ಗಂಟೆ ನುಡಿಸಿ ಕೈ ಪಳಗಿಸಿಕೊಂಡಿದ್ದರು. ಕುಡಿದವರು ಕೂಗಾಡುತ್ತಿದ್ದರೂ ತಾಳ ತಪ್ಪದ ಹಾಗೆ ನುಡಿಸೋದನ್ನು ಅಲ್ಲೇ ಕಲಿತರು.

ನಮ್ಮಲ್ಲೂ ಅಂಥ ಜಾಗಗಳು ಇದ್ದವು. ಎಪ್ಪತ್ತರ ದಶಕದಲ್ಲೇ ಹ್ಯೂಮನ್ ಬಾಂಡೇಜ್ ಎಂಬ ಬೆಂಗಳೂರಿನ ಬ್ಯಾಂಡ್ ಹೆಸರು ಮಾಡಿತ್ತು. ಎಂಬತ್ತರ ಕೊನೆಗೆ ಪಬ್‌ಗಳು ಬಂದವು. ಬ್ರಿಗೇಡ್ ರೋಡ್ ಪಕ್ಕದ ಪೀಕೋಸ್‌ನಂಥ ಕಡೆ ದಿನವಿಡೀ ರಾಕ್ ಕೇಳಿಸುತ್ತಿತ್ತು. ಕ್ಯಾಸೆಟ್ ಒಬ್ಬರಿಂದ ಒಬ್ಬರ ಕೈಗೆ ಓಡಾಡುತ್ತಿತ್ತು. ಟೇಪ್ ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಒಂದೇ ಆಲ್ಬಂ ಇಡೀ ಹಾಸ್ಟೆಲ್ಲಿಗೆ ಬಾಯಿಪಾಠ. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಕ್ರಿಪ್ಟಾಸ್ ಎಂಬ ಬ್ಯಾಂಡ್‌ಗಳು ಹುಟ್ಟಿದ್ದು ಇದೇ ವಾತಾವರಣದಲ್ಲಿ. ಕ್ರಿಪ್ಟಾಸ್ 2013ರಲ್ಲಿ ಜರ್ಮನಿಯ ವಾಕನ್ ಎಂಬ ದೊಡ್ಡ ಮೆಟಲ್ ಸಂಗೀತ ಉತ್ಸವದಲ್ಲಿ ನುಡಿಸಿತು. ಅಲ್ಲಿಗೆ ಮುಟ್ಟೋಕೆ ಹದಿನೈದು ವರ್ಷ ಬೇಕಾಯಿತು.

ಆಮೇಲೆ ಬಂತು ಲೈಸೆನ್ಸ್ ವಿಚಾರ. ಬೆಂಗಳೂರಿನ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡುವ ಆದೇಶ ಹೊರಟಿದ್ದು 2005ರಲ್ಲಿ. ಅದು ಕೋರ್ಟ್ ಮೆಟ್ಟಿಲೇರಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಬಿಗಿ ಮಾಡಿದಾಗ ಎಷ್ಟೋ ಪಬ್‌ಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಇಂದಿರಾನಗರದ ಮನೆಗಳವರು ನಿದ್ದೆ ಕೆಡುತ್ತಿದೆ ಎಂದು ದೂರಿದ್ದೂ ಸುಳ್ಳಲ್ಲ, ಅವರ ಕಷ್ಟ ನನಗೂ ಗೊತ್ತು. ಆದರೆ ಹೆಂಗಸರ ಹಾಡು, ಕುಣಿತ ಇರುವ ‘ಲೈವ್ ಬ್ಯಾಂಡ್’ ಬಾರ್‌ಗೂ, ಮೂಲೆಯಲ್ಲಿ ಕೂತು ಗಿಟಾರ್ ನುಡಿಸುವ ಹುಡುಗನಿಗೂ ಒಂದೇ ನಿಯಮ ಬಿದ್ದಿತು. ನನಗೆ ಗೊತ್ತಿರುವ ಒಂದು ಬ್ಯಾಂಡ್ ಪ್ರತಿ ಗುರುವಾರ ನುಡಿಸುತ್ತಿತ್ತು. ಒಂದು ಗುರುವಾರ ಪಬ್‌ನಿಂದ ಫೋನ್ ಬಂತು, ಡ್ರಮ್ಸ್ ತೆಗೆದುಕೊಂಡು ಹೋಗಿ ಅಂತ. ಅಷ್ಟೇ.

ಕೇಳುವ ಅಭ್ಯಾಸವೂ ಬದಲಾಯಿತು. ಈಗ ಒಂದೇ ಫೋನಿನಲ್ಲಿ ಲೋಕದ ಹಾಡೆಲ್ಲ ಇದೆ, ಇಡೀ ಹಾಸ್ಟೆಲ್ ಒಂದೇ ಆಲ್ಬಂ ಹಿಡಿದು ಕೂರುವುದಿಲ್ಲ.

ಹಳಬರ ದಾರಿಯಲ್ಲೇ ನಡೆದರೂ ಕಷ್ಟ. ಅಮೆರಿಕದ ಗ್ರೇಟಾ ವ್ಯಾನ್ ಫ್ಲೀಟ್ ಬ್ಯಾಂಡ್‌ಗೆ 2019ರಲ್ಲಿ ಗ್ರ್ಯಾಮಿ ಬಂತು, ಜೊತೆಗೆ ಎಪ್ಪತ್ತರ ದಶಕದ ಲೆಡ್ ಜೆಪ್ಲಿನ್ ಬ್ಯಾಂಡಿನ ನಕಲು ಎಂಬ ಮಾತೂ ಬಿಡಲಿಲ್ಲ. ನಮ್ಮ ರಘು ದೀಕ್ಷಿತ್ ಬೇರೆ ದಾರಿ ಹಿಡಿದರು. 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರು, ಡ್ರಮ್ಸ್ ಜೊತೆ ಹಾಡಿದರು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದವರೆಗೂ ಹೋದರು. ಅದನ್ನು ಯಾರ ನಕಲು ಅಂತ ಹೇಳುತ್ತೀರಿ?

ಮೊನ್ನೆ ಒಂದು ಜಾಮ್ ರೂಮಿಗೆ, ಅಂದರೆ ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆಗೆ, ಹೋಗಿದ್ದೆ. ಗಂಟೆ ಲೆಕ್ಕದ ಬಾಡಿಗೆ. ನಾಲ್ಕು ಜನ ಕಾಲೇಜು ಹುಡುಗರು ಕನ್ನಡದಲ್ಲೇ ಬರೆದ ಹಾಡೊಂದನ್ನು ಕೂಡಿಸುತ್ತಿದ್ದರು. ಮೂರು ಸಲ ಡ್ರಮ್ಸ್ ತಪ್ಪಿತು. ನಾಲ್ಕನೇ ಸಲ ಎಲ್ಲ ಸರಿಯಾಗಿ ಕೂತಿತು, ನನ್ನ ಮೈ ಜುಮ್ಮೆಂದಿತು. ಇನ್ನೊಂದು ಸಲ ನುಡಿಸೋಣ ಎಂದು ಡ್ರಮ್ಮರ್ ಕೋಲು ಎತ್ತುವಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಮುಂದಿನ ಬ್ಯಾಂಡ್‌ನವರು ಬಾಗಿಲು ಬಡಿದರು.