ಬ್ಲ್ಯಾಕ್ ಸ್ವಾನ್ ಗ್ರೀನ್: ಯಾರು ಯಾರನ್ನ ಏನಂತ ಕರೀತಾರೆ ಅನ್ನೋದ್ರ ಮೇಲೆ ನನ್ನ ನೋಟ್ಸ್

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಕಥೆ ಪೂರ್ತಿ ಹೊರಗೆ ಬರುತ್ತೆ. ಡೇವಿಡ್ ಮಿಚೆಲ್ ಅವರ 'ಬ್ಲ್ಯಾಕ್ ಸ್ವಾನ್ ಗ್ರೀನ್' 2006ರ ಕಾದಂಬರಿ. ಮೊದಲ್ನೇ ಸಲ ಓದ್ದಾಗ ನಾನು "ಸ್ಕೂಲಲ್ಲಿ ಒಬ್ಬ ಹುಡುಗನ್ನ ಗೋಳು ಹುಯ್ಕೋತಾರೆ, ಕೊನೆಗೆ ಅವ್ನು ತಿರುಗಿ ಬೀಳ್ತಾನೆ" ಅಂತ ಒಂದು ಸಾಲು ಬರ್ಕೊಂಡು ಪುಸ್ತಕ ಮುಚ್ಚಿಟ್ಟಿದ್ದೆ, ಎರಡ್ನೇ ಸಲ ಓದ್ದಾಗ ಗೊತ್ತಾಯ್ತು ಆ ಸಾಲಲ್ಲಿ ಅರ್ಧ ಕಾದಂಬರಿನೇ ಇಲ್ಲ ಅಂತ. ಪರೀಕ್ಷೆಗೆ ಓದೋರು ಯಾರೂ ನನ್ನ ಹಾಗೆ ಮಾಡ್ಬೇಡಿ.

ಜಾಗ ಇಂಗ್ಲೆಂಡಿನ ವೂಸ್ಟರ್‌ಶೈರ್‌ನ ಒಂದು ಹಳ್ಳಿ, ಹೆಸರಲ್ಲಿ ಹಂಸ ಇದೆ, ಊರಲ್ಲಿ ಒಂದೂ ಹಂಸ ಇಲ್ಲ, ಅದೇ ಅಲ್ಲಿನೋರ ಹಳೇ ಜೋಕು. ಕಾಲ 1982ರ ಜನವರಿಯಿಂದ 1983ರ ಜನವರಿ, ತಿಂಗಳಿಗೊಂದು ಅಧ್ಯಾಯ, ಒಟ್ಟು 13. ಹೀರೋ ಜೇಸನ್ ಟೇಲರ್‌ಗೂ 13 ವರ್ಷ. ಒಂದೊಂದು ಅಧ್ಯಾಯನೂ ಬಿಡಿ ಕಥೆ ಥರ ಓದಿಸ್ಕೊಂಡು ಹೋಗುತ್ತೆ, ಹಾಗಾಗಿ "ರಚನೆ ಬಗ್ಗೆ ಬರೀರಿ" ಅಂದ್ರೆ ಇಲ್ಲಿಂದ ಶುರು ಮಾಡಿ, ಆದ್ರೆ ಇಲ್ಲೇ ನಿಲ್ಲಬೇಡಿ.

ಈಗ ಮುಖ್ಯ ವಿಷ್ಯ. ಆ ಸ್ಕೂಲಲ್ಲಿ ನಿಮ್ಮನ್ನ ಏನಂತ ಕರೀತಾರೋ ಅದೇ ನಿಮ್ಮ ರ‍್ಯಾಂಕ್, ಮಿಲಿಟರಿ ಥರ. ತುಂಬಾ ಪಾಪ್ಯುಲರ್ ಹುಡುಗರನ್ನ ಸ್ವಂತ ಹೆಸರು ಹಿಡಿದು ಕರೀತಾರೆ, ಸ್ವಲ್ಪ ಕೆಳಗಿನೋರಿಗೆ ಮರ್ಯಾದೆ ಇರೋ ಅಡ್ಡಹೆಸರು, ಅದಕ್ಕಿಂತ ಕೆಳಗೆ ಜೇಸನ್ ಥರದೋರು ಮನೆತನದ ಹೆಸರಲ್ಲೇ ಕರ್ಕೊಳ್ಳೋದು, ತೀರಾ ತಳದಲ್ಲಿ ಇರೋರಿಗೆ ಬೈಗುಳದಂಥ ಹೆಸರು. ಡೀನ್ ಮೋರನ್ ಅನ್ನೋ ಹುಡುಗನ ಹೆಸರಲ್ಲಿ ಒಂದಕ್ಷರ ತಿರುಚಿದ್ರೆ 'ದಡ್ಡ' ಅನ್ನೋ ಅರ್ಥ ಬಂದ್ಬಿಡುತ್ತೆ, ಅಲ್ಲಿಗೆ ಅವ್ನ ಕಥೆ ಮುಗೀತು. ನಮ್ ಕಡೆ ಮನೆತನದ ಹೆಸರಿನ ಲೆಕ್ಕ ಇಲ್ಲ, ಇನಿಷಿಯಲ್ ಇದೆ ಅಷ್ಟೇ, ಆದ್ರೆ ಯಾರನ್ನ 'ಮಗಾ' ಅಂತಾರೆ, ಯಾರನ್ನ ಬರೀ 'ಲೋ' ಅಂತಾರೆ, ಯಾರನ್ನ ಕುಳ್ಳ, ಡುಮ್ಮ, ಸೋಡಾಬುಡ್ಡಿ ಅಂತಾರೆ ಅಂತ ನೆನಪು ಮಾಡ್ಕೊಳ್ಳಿ, ಜೇಸನ್ ಹೇಳ್ತಿರೋದು ಏನು ಅಂತ ಪಟ್ ಅಂತ ಹೊಳೆಯುತ್ತೆ.

ಜೇಸನ್‌ಗೆ ಉಗ್ಗು ಇದೆ. ಉಗ್ಗು ಅಂತಾನೇ ಬರೀತಿದೀನಿ, ಯಾಕಂದ್ರೆ ನಮ್ಮಲ್ಲಿ ತೊದಲು ಅಂದ್ರೆ ಮಗು ತೊದಲ್ನುಡಿ ಅಂತ ಮುದ್ದು ಬರುತ್ತೆ, ಉಗ್ಗು ಅಂದ್ರೆ ಯಾರಿಗೂ ಮುದ್ದು ಬರಲ್ಲ, ಜೇಸನ್ ಹೆದರೋದು ಆ ಎರಡ್ನೇದಕ್ಕೆ. ಅವ್ನು ತನ್ನ ಉಗ್ಗಿಗೆ 'ಹ್ಯಾಂಗ್‌ಮನ್' ಅಂತ ಹೆಸರಿಟ್ಟಿದಾನೆ, ನೇಣು ಹಾಕೋನು. ಚಿಕ್ಕ ಕ್ಲಾಸಲ್ಲಿ ಬೋರ್ಡ್ ಮೇಲೆ ಅದೇ ಹೆಸರಿನ ಪದದ ಆಟ ಆಡ್ತಿದ್ರು, ಉತ್ತರ 'ನೈಟಿಂಗೇಲ್', ಅವ್ನಿಗೆ ಗೊತ್ತಿತ್ತು, ಆದ್ರೆ ಬಾಯಿಂದ ಹೊರಗೆ ಬರ್ಲೇ ಇಲ್ಲ. ಅವತ್ತಿಂದ ಕಷ್ಟದ ಅಕ್ಷರ ಮುಂದೆ ಬರ್ತಿದೆ ಅಂತ ಗೊತ್ತಾದ್ರೆ ವಾಕ್ಯದ ಮಧ್ಯದಲ್ಲೇ ಬೇರೆ ಪದಕ್ಕೆ ಹಾರ್ತಾನೆ. ಹೊರಗಿನೋರಿಗೆ ಏನೂ ಗೊತ್ತಾಗಲ್ಲ, ಒಳಗೆ ಇಡೀ ದಿನ ಲೆಕ್ಕಾಚಾರ. ಮಿಚೆಲ್ ಅವರಿಗೂ ಉಗ್ಗು ಇದೆ, ಅದ್ರ ಬಗ್ಗೆ ಓಪನ್ ಆಗಿ ಮಾತಾಡಿದಾರೆ ಕೂಡ, ಹಾಗಂತ "ಇದು ಆತ್ಮಕಥೆ" ಅಂತ ಬರ್ದು ಕೈ ತೊಳ್ಕೋಬೇಡಿ. ಇಲ್ಲಿ ನೋಡ್ಬೇಕಾಗಿರೋದು ಒಂದೇ: ಪದ ಬದಲಾಯಿಸಿ ಬದಲಾಯಿಸಿನೇ ಈ ಹುಡುಗ ಕವಿ ಆಗಿದಾನೆ. ಚರ್ಚ್ ಪತ್ರಿಕೆಗೆ ಎಲಿಯಟ್ ಬೊಲಿವಾರ್ ಅನ್ನೋ ಕಳ್ಳ ಹೆಸರಲ್ಲಿ ಕವಿತೆ ಕಳಿಸ್ತಾನೆ, ಕವಿತೆ ಬರೀತಾನೆ ಅಂತ ಗೊತ್ತಾದ್ರೆ ಸ್ಕೂಲಲ್ಲಿ ಸಾಯಿಸ್ಬಿಡ್ತಾರೆ ಅಂತ. 'ಸೋಲೇರಿಯಂ' ಅಧ್ಯಾಯದಲ್ಲಿ ಮದಾಮ್ ಕ್ರೊಮೆಲಿಂಕ್ ಅನ್ನೋ ಮುದುಕಿ ಅವ್ನ ಕವಿತೆನೂ ಆ ಕಳ್ಳ ಹೆಸರನ್ನೂ ಸರಿಯಾಗಿ ತರಾಟೆಗೆ ತಗೋತಾಳೆ, ನನಗೆ ಇಡೀ ಪುಸ್ತಕದಲ್ಲಿ ತುಂಬಾ ಇಷ್ಟ ಆದ ಅಧ್ಯಾಯ ಅದು.

ಮನೆ ಕಡೆ ಬರೋಣ. ತುಂಬಾ ಜನ ಸ್ಕೂಲ್ ಒಂದು ಟ್ರ್ಯಾಕ್, ಮನೆ ಇನ್ನೊಂದು ಟ್ರ್ಯಾಕ್ ಅಂತ ಬೇರೆ ಬೇರೆ ಬರೀತಾರೆ, ನಾನು ಒಪ್ಪಲ್ಲ. ಅಪ್ಪನ ಆಫೀಸ್ ರೂಮಿಗೆ ಕಾಲಿಡಬಾರದು ಅನ್ನೋ ರೂಲಿಂದಾನೇ ಪುಸ್ತಕ ಶುರುವಾಗುತ್ತೆ, ಆ ರೂಮಲ್ಲಿ ಫೋನ್ ಹೊಡ್ಕೊಳ್ತಾ ಇರುತ್ತೆ, ಜೇಸನ್ ಎತ್ತಿದ್ರೆ ಆ ಕಡೆಯಿಂದ ಮಾತೇ ಇಲ್ಲ. ಮೊದಲ್ನೇ ಓದಲ್ಲಿ ನಾನು ಅದನ್ನ ಹಾಗೇ ದಾಟ್ಕೊಂಡು ಹೋಗಿದ್ದೆ, ಅಪ್ಪನಿಗೆ ಬೇರೆ ಸಂಬಂಧ ಇದೆ ಅಂತ ಕೊನೆಗೆ ಗೊತ್ತಾದ್ಮೇಲೆ ವಾಪಸ್ ಬಂದು ನೋಡಿದ್ರೆ ಎಲ್ಲ ಅಲ್ಲೇ ಇದೆ. ಅಪ್ಪ ಅಮ್ಮ ಕಿರುಚಾಡಲ್ಲ, ಊಟದ ಟೇಬಲ್ ಮೇಲೆ ಚುಚ್ಚಿ ಚುಚ್ಚಿ ಮಾತಾಡ್ತಾರೆ. 'ರಾಕ್ಸ್' ಅಧ್ಯಾಯ ಎರಡೆರಡು ಸಲ ಓದಿ: ಅಮ್ಮ ತೋಟದಲ್ಲಿ ಕಲ್ಲು ಜೋಡ್ಸಿ ಮಾಡೋ ರಾಕರಿ ವಿಷಯಕ್ಕೆ ಮನೇಲಿ ಜಗಳ, ಟಿವಿಯಲ್ಲಿ ಬ್ರಿಟನ್-ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧ. ಏಪ್ರಿಲ್ 2ರಿಂದ ಜೂನ್ 14ರವರೆಗೆ ನಡೆದ ನಿಜವಾದ ಯುದ್ಧ ಅದು. ಮೊದಮೊದಲು ಊರಿಗೆಲ್ಲ ಹಬ್ಬದ ಥರ ಉತ್ಸಾಹ, ಆಮೇಲೆ ಊರಿನ ಹುಡುಗ ಟಾಮ್ ಯೂ ಇದ್ದ ಎಚ್‌ಎಂಎಸ್ ಕೋವೆಂಟ್ರಿ ಹಡಗಿಗೆ ಬಾಂಬ್ ಬೀಳುತ್ತೆ, ಅವ್ನು ಸಾಯ್ತಾನೆ. ಅಲ್ಲಿಗೆ ಹಬ್ಬ ಬಂದ್. ಮುಂದೆ ಊರಿನ ದೊಡ್ಡೋರೆಲ್ಲ ಸಭೆ ಸೇರಿ ಜಿಪ್ಸಿಗಳಿಗೆ ಇಲ್ಲಿ ಜಾಗ ಕೊಡಬಾರದು ಅಂತ ಗಲಾಟೆ ಮಾಡ್ತಾರಲ್ಲ, ಆ ಮಾತಿನ ಧಾಟಿನೂ ಸ್ಕೂಲ್ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಕಾಟ ಕೊಡೋ ಹುಡುಗರದೇ.

ಕಾಟ ಜಾಸ್ತಿ ಆಗೋದು ಯಾವಾಗ ಗೊತ್ತಾ, ಅಮ್ಮನ ಜೊತೆ ಸಿನಿಮಾಗೆ ಹೋಗಿದ್ದನ್ನ ಕ್ಲಾಸ್ ಹುಡುಗರು ನೋಡಿದ್ಮೇಲೆ. ಅಮ್ಮನ ಜೊತೆ ಸಿನಿಮಾಗೆ ಹೋಗೋದು ತಪ್ಪಾ ಅಂತ ನಮಗೆ ನಗು ಬರಬಹುದು, ಆದ್ರೆ ಆ ವಯಸ್ಸಲ್ಲಿ ಅದು ಶಿಕ್ಷೆ ಆಗೋವಷ್ಟು ದೊಡ್ಡ ತಪ್ಪು.

ಈ ಕಾಟದ ವಿಷಯಕ್ಕೆ ಒಂದು ಹೋಲಿಕೆ ಇಟ್ಕೊಳ್ಳಿ, ಉತ್ತರಕ್ಕೆ ತೂಕ ಬರುತ್ತೆ. ಮಾರ್ಗರೆಟ್ ಅಟ್‌ವುಡ್ ಅವರ 'ಕ್ಯಾಟ್ಸ್ ಐ' (1988), ಟೊರೊಂಟೊ ಹುಡುಗೀರ ಕಥೆ. ಅಲ್ಲಿ ಕಾರ್ಡೀಲಿಯಾ ಅನ್ನೋಳು ಇಲೇನ್‌ನ ಗೋಳು ಹುಯ್ಕೊಳ್ಳೋದು ಫ್ರೆಂಡ್ ಆಗಿಯೇ, ನಿನ್ನ ಒಳ್ಳೇದಕ್ಕೇ ಹೇಳೋದು ಅಂತ, ಹಾಗಾಗಿ ದೂರು ಹೇಳೋಕೂ ಬಾಯಿಲ್ಲ. ದೊಡ್ಡೋಳಾಗಿ ಇಲೇನ್ ಚಿತ್ರ ಕಲಾವಿದೆ ಆದ್ಮೇಲೂ ಕಾರ್ಡೀಲಿಯಾ ತಲೆಯಿಂದ ಇಳಿಯಲ್ಲ. ಮಧ್ಯದಲ್ಲಿ ಇಲೇನ್ ತಾನೇ ಅವಳನ್ನ ಕುಟುಕೋಕೆ ಶುರು ಮಾಡ್ತಾಳೆ ಅನ್ನೋದು ಮರೀಬೇಡಿ.

ಇನ್ನು ಜೇಸನ್ ಬದಲಾಗೋದು. ಊರಲ್ಲಿ 'ಸ್ಪೂಕ್ಸ್' ಅಂತ ಗುಟ್ಟಿನ ಗ್ಯಾಂಗ್ ಇದೆ, ಸೇರ್ಬೇಕಂದ್ರೆ ರಾತ್ರಿ ಆರು ಮನೆ ಹಿತ್ತಲು ದಾಟಿ 15 ನಿಮಿಷದಲ್ಲಿ ಮುಟ್ಟಬೇಕು. ಜೇಸನ್ ಮುಟ್ತಾನೆ, ಹಿಂದೆ ಬರ್ತಿದ್ದ ಮೋರನ್ ಗಾಜಿನ ಮನೆ ಮೇಲೆ ಬೀಳ್ತಾನೆ, ಜೇಸನ್ ವಾಪಸ್ ಹೋಗ್ತಾನೆ, ಸಿಕ್ಕಿದ್ದ ರ‍್ಯಾಂಕ್ ಹೋಗುತ್ತೆ. ಆಮೇಲೆ ಜಾತ್ರೇಲಿ ತನಗೆ ಕಾಟ ಕೊಡೋ ರಾಸ್ ವಿಲ್ಕಾಕ್ಸ್‌ನ ಪರ್ಸ್ ಸಿಗುತ್ತೆ, ಒಳಗೆ 600 ಪೌಂಡ್, ಒದ್ದಾಡಿ ಒದ್ದಾಡಿ ವಾಪಸ್ ಕೊಡ್ತಾನೆ, ಅದೇ ರಾತ್ರಿ ವಿಲ್ಕಾಕ್ಸ್ ಬೈಕ್ ಆಕ್ಸಿಡೆಂಟಲ್ಲಿ ಕಾಲು ಕಳ್ಕೋತಾನೆ. ಇದನ್ನ "ಮಾಡಿದ್ದುಣ್ಣೋ ಮಹಾರಾಯ" ಅಂತ ಬರೆದ್ರೆ ಮಾರ್ಕ್ಸ್ ಹೋಗುತ್ತೆ, ಯಾಕಂದ್ರೆ ಜೇಸನ್‌ಗೆ ಖುಷಿನೇ ಆಗಲ್ಲ. ಡಿಸೆಂಬರ್ ಅಧ್ಯಾಯದಲ್ಲಿ ಅದೇ ಸ್ಕೂಲಿನ ನೀಲ್ ಬ್ರೋಸ್ ಅನ್ನೋ ಹುಡುಗನ ಕ್ಯಾಲ್ಕುಲೇಟರನ್ನ ಜೇಸನ್ ವೈಸ್‌ಗೆ (ವಸ್ತುನ ಬಿಗಿಯಾಗಿ ಹಿಡಿಯೋ ವರ್ಕ್‌ಶಾಪ್ ಉಪಕರಣ) ಸಿಕ್ಕಿಸಿ ಪುಡಿ ಮಾಡ್ತಾನೆ, ಎಲ್ರೂ ಕೋಟ್ ಮಾಡೋದು ಆ ಸೀನು. ನನ್ ಪ್ರಕಾರ ಅದಾದ್ಮೇಲಿನದೇ ಮುಖ್ಯ: ಬ್ರೋಸ್ ಹುಡುಗರಿಂದ ದುಡ್ಡು ವಸೂಲಿ ಮಾಡ್ತಿದ್ದ ಅಂತ ಹೆಡ್‌ಮಾಸ್ಟರ್‌ಗೆ ಹೆಸರಿಟ್ಟು ಹೇಳ್ತಾನೆ. ವರ್ಷವೆಲ್ಲ ಪದ ನುಂಗ್ಕೊಂಡಿದ್ದ ಹುಡುಗ, ಈಗ ಪದ ಬದಲಾಯಿಸ್ತಾ ಇಲ್ಲ.

ಮನೆ ಮಾತ್ರ ಉಳಿಯಲ್ಲ. ಅಪ್ಪ ಅಮ್ಮ ಬೇರೆ ಆಗ್ತಾರೆ, ಅವ್ನು ಅಮ್ಮನ ಜೊತೆ ಚೆಲ್ಟೆನ್‌ಹ್ಯಾಮ್‌ಗೆ ಹೊರಡ್ತಾನೆ. ಮೊದಲ ಅಧ್ಯಾಯದ ಹೆಸರು 'ಜನ್ಯುವರಿ ಮ್ಯಾನ್', ಕೊನೇದರ ಹೆಸರೂ ಅದೇ. ಕೊನೇಲಿ ಅಕ್ಕ ಜೂಲಿಯಾ ಎಲ್ಲ ಸರಿ ಹೋಗುತ್ತೆ ಕಣೋ ಅನ್ನೋ ಅರ್ಥದಲ್ಲಿ ಸಮಾಧಾನ ಮಾಡಿದಾಗ, ಹಾಗೇನೂ ಅನ್ನಿಸ್ತಿಲ್ಲ ಅಂತ ಅವ್ನು ನೇರವಾಗೇ ಹೇಳ್ತಾನೆ.